ಗುತ್ತಿಯ ದಾರಿಯೂ ದಾರಿಯೇ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮೊದಲ ಸಲ ಕೈಗೆತ್ತಿಕೊಂಡವರು ಆರಂಭದಲ್ಲೇ ಸ್ವಲ್ಪ ತಬ್ಬಿಬ್ಬಾಗುತ್ತಾರೆ. ತೀರ್ಥಹಳ್ಳಿ ಸೀಮೆಯ ದೊಡ್ಡ ಒಕ್ಕಲುಮನೆಗಳ ಕಥೆ ಎಂದು ಕೇಳಿ ಓದಲು ಕೂತರೆ, ಮೊದಲು ಕಣ್ಣಿಗೆ ಬೀಳುವವನು ಹೆಗ್ಗಡೆಯೂ ಅಲ್ಲ, ಗೌಡನೂ ಅಲ್ಲ. ಸಿಂಬಾವಿ ಭರಮೈಹೆಗ್ಗಡೆಯವರ ಜೀತದಾಳು ಗುತ್ತಿ, ಅವನ ಜೊತೆಗೆ ಅವನ ನಾಯಿ ಹುಲಿಯ. ಒಡೆಯರ ಕೆಲಸದ ಮೇಲೆ ಹೊರಟ ಆಳು ತಾನೆ, ಒಡೆಯರು ಬಂದ ಕೂಡಲೇ ಇವನು ಪಕ್ಕಕ್ಕೆ ಸರಿಯುತ್ತಾನೆ ಎಂದುಕೊಂಡು ನಾವು ಪುಟ ತಿರುವುತ್ತ ಹೋಗುತ್ತೇವೆ. ಗುತ್ತಿ ಸರಿಯುವುದಿಲ್ಲ. ಅವನಿಗೆ ಬೆಟ್ಟಳ್ಳಿಯ ತಿಮ್ಮಿ ಬೇಕು. ಒಡೆಯರ ಕೆಲಸ ಅವನ ಮಟ್ಟಿಗೆ ಒಳ್ಳೆಯ ನೆಪ. ನೂರಾರು ಪುಟ ದಾಟಿ ಕಾದಂಬರಿ ತುಂಬಿದ ತುಂಗೆಯ ದಡಕ್ಕೆ ಬಂದು ನಿಂತಾಗಲೂ ಗುತ್ತಿ ನಮ್ಮ ಕಣ್ಣ ಮುಂದೆಯೇ ಇದ್ದಾನೆ. 1967ರಲ್ಲಿ ಬಂದ ಈ ಕೃತಿಯ ಬಾಗಿಲಲ್ಲೇ ಕುವೆಂಪು ಕೆಲವು ಸಾಲುಗಳನ್ನು ಇಟ್ಟಿದ್ದಾರೆ. ಇಲ್ಲಿ ಮೇಲು ಕೀಳು, ಹಿರಿದು ಕಿರಿದು ಎಂಬ ಲೆಕ್ಕಾಚಾರ ನಡೆಯುವುದಿಲ್ಲ ಎಂಬುದು ಅವುಗಳ ತಾತ್ಪರ್ಯ. ಸಭೆ ಸಮಾರಂಭಗಳಲ್ಲಿ ಆ ಸಾಲುಗಳನ್ನು ದರ್ಶನವೆಂದು ಕೊಂಡಾಡುವುದು ರೂಢಿ. ಅದು ದರ್ಶನ ನಿಜ. ಆದರೆ ಅದಕ್ಕೂ ಮೊದಲು ಅದು ಕಥೆ ಕಟ್ಟುವವನ ಕಸುಬಿನ ಮಾತು ಎಂದು ನನ್ನ ವಾದ.

ಕಥೆಯೊಳಗೆ ಮುಖ್ಯ ಕಥೆಯ ಪಕ್ಕದಲ್ಲಿ ಹರಿಯುವ ಇನ್ನೊಂದು ಕಥೆಯನ್ನು ಉಪಕಥೆ ಎನ್ನುತ್ತೇವೆ. ‘ಉಪ’ ಅಂದ ಮಾತ್ರಕ್ಕೆ ಅದು ಇದ್ದರೂ ಆದೀತು, ಇಲ್ಲದಿದ್ದರೂ ಆದೀತು ಎಂಬ ಭಾವನೆ ಓದುಗರಲ್ಲೂ ಬರೆಯುವವರಲ್ಲೂ ಬೇರೂರಿದೆ. ಪುಟ ತುಂಬಿಸಲು, ಬೇಸರ ಕಳೆಯಲು, ನಡುವೆ ಒಂದಿಷ್ಟು ನಗಿಸಲು ಎಂದು ಅದನ್ನು ಬಳಸುವವರೂ ಇದ್ದಾರೆ. ಒಳ್ಳೆಯ ಉಪಕಥೆಯ ಕೆಲಸ ಬೇರೆಯೇ. ಮುಖ್ಯ ಕಥೆ ಕೇಳುವ ಪ್ರಶ್ನೆಯನ್ನೇ ಅದು ಇನ್ನೊಬ್ಬರ ಮನೆಯಲ್ಲಿ, ಇನ್ನೊಂದು ಜಾತಿಯಲ್ಲಿ, ಇನ್ನೊಂದು ವಯಸ್ಸಿನಲ್ಲಿ ಕೇಳುತ್ತದೆ. ಅಲ್ಲಿ ಬರುವ ಉತ್ತರವೇ ಬೇರೆ. ಎರಡು ಉತ್ತರಗಳು ಎದುರುಬದುರು ನಿಂತಾಗ ಲೇಖಕ ಬಾಯಿ ಬಿಟ್ಟು ಏನನ್ನೂ ಹೇಳಬೇಕಾಗಿಲ್ಲ. ಕೃತಿಯ ಆಶಯ ತಾನಾಗಿ ಹೊರಬರುತ್ತದೆ. ಇದಕ್ಕೆ ಒಂದು ಷರತ್ತು ಉಂಟು. ಉಪಕಥೆಯ ಜನರಿಗೆ ತಮ್ಮದೇ ಆದ ಒಂದು ಬೇಕು ಇರಬೇಕು. ನಾಯಕನಿಗೆ ಬುದ್ಧಿ ಬರಿಸಲಿಕ್ಕೆಂದೇ ಹುಟ್ಟಿದ ಪಾತ್ರ ಎಷ್ಟೇ ಚೆನ್ನಾಗಿ ಮಾತಾಡಿದರೂ ಗೊಂಬೆಯೇ.

ಈ ವಿಚಾರ ನಮಗೆ ಪಶ್ಚಿಮದಿಂದ ಬಂದದ್ದಲ್ಲ. ನಮ್ಮ ನಾಟ್ಯಶಾಸ್ತ್ರದವರು ಕಥಾವಸ್ತುವನ್ನು ಆಧಿಕಾರಿಕ, ಪ್ರಾಸಂಗಿಕ ಎಂದು ಎರಡಾಗಿ ಸೀಳಿ, ಪ್ರಾಸಂಗಿಕದಲ್ಲಿ ದೂರದವರೆಗೆ ಸಾಗುವುದನ್ನು ಪತಾಕೆ ಎಂದೂ, ಒಂದು ಕಡೆ ಬಂದು ಅಲ್ಲೇ ಮುಗಿಯುವುದನ್ನು ಪ್ರಕರಿ ಎಂದೂ ಕರೆದರು. ರಾಮನ ಕಥೆಯಲ್ಲಿ ಸುಗ್ರೀವನದು ಪತಾಕೆ. ಹತ್ತನೆಯ ಶತಮಾನದ ಧನಂಜಯ ತನ್ನ ‘ದಶರೂಪಕ’ದಲ್ಲಿ ಪ್ರಾಸಂಗಿಕಕ್ಕೆ ಕೊಡುವ ಲಕ್ಷಣ ಸೂಕ್ಷ್ಮವಾಗಿದೆ. ಅದು ಇರುವುದು ಪರರ ಪ್ರಯೋಜನಕ್ಕೆ, ಆದರೆ ಹಾಗೆ ನಡೆಯುತ್ತ ನಡೆಯುತ್ತ ಅದರ ಸ್ವಂತ ಪ್ರಯೋಜನವೂ ಕೈಗೂಡಬೇಕು ಎನ್ನುತ್ತಾನೆ. ಸುಗ್ರೀವ ರಾಮನಿಗೆ ನೆರವಾಗುತ್ತಾನೆ, ಹೌದು. ಆದರೆ ಅವನಿಗೆ ಕಿಷ್ಕಿಂಧೆ ಬೇಕಿತ್ತು, ಕಳೆದುಕೊಂಡ ಹೆಂಡತಿ ಬೇಕಿತ್ತು. ರಾಜ್ಯವನ್ನೂ ಹೆಂಡತಿಯನ್ನೂ ಕಳೆದುಕೊಂಡ ಇಬ್ಬರು ಕಾಡಿನಲ್ಲಿ ಸಂಧಿಸುತ್ತಾರೆ. ಒಬ್ಬನ ತಮ್ಮ ಅಣ್ಣನ ಪಾದುಕೆಯನ್ನು ತಲೆಯ ಮೇಲಿಟ್ಟುಕೊಂಡು ಹೋದವನು, ಇನ್ನೊಬ್ಬನ ಅಣ್ಣ ತಮ್ಮನನ್ನು ಅಟ್ಟಿಸಿಕೊಂಡು ಬಂದವನು. ವಾಲಿ ಇಲ್ಲದಿದ್ದರೆ ಭರತನ ತೂಕ ನಮಗೆ ಅರ್ಧದಷ್ಟೂ ತಿಳಿಯುತ್ತಿರಲಿಲ್ಲ. ಕೆಲಸ ಆದಮೇಲೆ ಮಳೆಗಾಲ ಮುಗಿದರೂ ಸುಗ್ರೀವ ಅಂತಃಪುರ ಬಿಟ್ಟು ಏಳದೆ ಲಕ್ಷ್ಮಣನಿಂದ ಬೈಸಿಕೊಳ್ಳುತ್ತಾನಲ್ಲ, ಅದಕ್ಕೇ ಅವನು ನಮಗೆ ಮನುಷ್ಯನಂತೆ ಕಾಣುತ್ತಾನೆ. (ಕಪಿಯನ್ನು ಮನುಷ್ಯ ಎನ್ನುವುದಕ್ಕೆ ಕ್ಷಮೆ ಇರಲಿ.)

ಶಿವಮೊಗ್ಗದ ಮಗ್ಗುಲಲ್ಲೇ ಇದರ ಜೀವಂತ ಪಾಠಶಾಲೆಯೊಂದಿದೆ. ತುಂಗೆಯ ಎರಡು ದಡಗಳಲ್ಲಿ ಎದುರುಬದುರಾಗಿರುವ ಮತ್ತೂರು, ಹೊಸಹಳ್ಳಿಗಳಲ್ಲಿ ಹೊಸಹಳ್ಳಿ ಗಮಕಕ್ಕೆ ಹೆಸರಾದದ್ದು; ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಒಬ್ಬರು ಕಾವ್ಯ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಈ ವಾಚನದಲ್ಲಿ ಕುಮಾರವ್ಯಾಸನ ಜೊತೆಗೆ ಮತ್ತೆ ಮತ್ತೆ ಕೇಳಿಬರುವ ಹೆಸರು ಲಕ್ಷ್ಮೀಶನದು. ಕಡೂರು ತಾಲ್ಲೂಕಿನ ದೇವನೂರಿನವನೆಂದು ಹೇಳುವ ಈ ಕವಿಯ ‘ಜೈಮಿನಿ ಭಾರತ’ ಧರ್ಮರಾಯನ ಅಶ್ವಮೇಧದ ಕುದುರೆಯ ಹಿಂದೆ ಹೋಗುತ್ತದೆ. ಕುದುರೆ ನಿಂತಲ್ಲೆಲ್ಲ ಒಂದೊಂದು ಕಥೆ: ಸುಧನ್ವ, ಚಂದ್ರಹಾಸ, ಬಭ್ರುವಾಹನ. ಬಭ್ರುವಾಹನ ಕುದುರೆಯನ್ನು ಕಟ್ಟುತ್ತಾನೆ. ಅದರ ಹಿಂದೆ ಬಂದವನು ತನ್ನ ತಂದೆ ಅರ್ಜುನ ಎಂದು ತಾಯಿ ಚಿತ್ರಾಂಗದೆಯಿಂದ ತಿಳಿದು, ಕಾಣಿಕೆ ಹೊತ್ತು ಹೋಗಿ ಕಾಲಿಗೆ ಬೀಳುತ್ತಾನೆ. ಅರ್ಜುನ ಅವನನ್ನು ಹೇಡಿ ಎಂದು ಹೀಗಳೆದು ಒದೆಯುತ್ತಾನೆ. ಅಲ್ಲಿಂದ ಯುದ್ಧ. ಮಗನ ಬಾಣಕ್ಕೆ ತಂದೆ ಬೀಳಬೇಕಾದ ಹೊತ್ತು ಹತ್ತಿರವಾಗುತ್ತಿದ್ದಂತೆ ಕವಿ ಕಥೆಯನ್ನು ತಡೆದು, ಹಿಂದೆ ಇಂಥದ್ದೇ ನಡೆದಿತ್ತು ಎಂದು ರಾಮ ಸೀತೆಯನ್ನು ಕಾಡಿಗೆ ಬಿಟ್ಟದ್ದನ್ನೂ ಕುಶಲವರು ರಾಮನ ಸೇನೆಯ ಮೇಲೆ ಬಿಲ್ಲೆತ್ತಿದ್ದನ್ನೂ ವಿಸ್ತಾರವಾಗಿ ಹೇಳತೊಡಗುತ್ತಾನೆ.

ಯುದ್ಧದ ಕಾವಿನಲ್ಲಿ ಹೀಗೆ ಬೇರೆ ಕಡೆ ತಿರುಗುವುದು ಮೇಲುನೋಟಕ್ಕೆ ಅಸಂಬದ್ಧ. ಆದರೆ ಏನಾಗುತ್ತದೆ ನೋಡಿ. ಎರಡೂ ಕಡೆ ಪ್ರಶ್ನೆ ಒಂದೇ: ತಾಯಿಯನ್ನು ಬಿಟ್ಟುಹೋದ ತಂದೆಗೆ ಮಗ ಎದುರು ನಿಲ್ಲಬಹುದೆ? ಬಭ್ರುವಾಹನ ತಂದೆಯೆಂದು ಗೊತ್ತಿದ್ದು ಬಾಗಿದವನು, ಬಾಗಿದ್ದಕ್ಕೇ ಒದೆ ತಿಂದವನು. ಕುಶಲವರು ತಂದೆಯೆಂದು ಗೊತ್ತೇ ಇಲ್ಲದೆ ಬಾಣ ಹೂಡಿದವರು. ಒಂದರಲ್ಲಿ ತಪ್ಪು ಒಬ್ಬ ವೀರನ ಗರ್ವದ್ದು, ಇನ್ನೊಂದರಲ್ಲಿ ಜನರ ಮಾತಿಗೆ ಕಿವಿಗೊಟ್ಟ ರಾಜಧರ್ಮದ್ದು. ಈ ಎರಡನ್ನೂ ಕೇಳಿದಮೇಲೆ ಸಭೆಯಲ್ಲಿ ಕೂತವರಿಗೆ ಬಭ್ರುವಾಹನ ಬರೀ ಸಿಟ್ಟಿನ ಹುಡುಗನಾಗಿ ಕಾಣುವುದಿಲ್ಲ. ಚಿತ್ರಾಂಗದೆಯ ಹಿಂದೆ ಸೀತೆ ನಿಂತಿರುತ್ತಾಳೆ. ಕವಿ ಒಂದು ಪದ್ಯದಲ್ಲೂ ‘ತಂದೆಯದೇ ತಪ್ಪು’ ಎಂದು ತೀರ್ಪು ಹೇಳಬೇಕಾಗಿಲ್ಲ. ಸೀತಾಪರಿತ್ಯಾಗದ ಭಾಗವಂತೂ ಮೂಲಕಥೆಯ ಹಂಗನ್ನೇ ಬಿಟ್ಟು ಸ್ವತಂತ್ರವಾಗಿ ಜನರ ನಾಲಗೆಯ ಮೇಲೆ ನಿಂತಿತು. ಉಪಕಥೆಯೊಂದು ಅಷ್ಟು ಗಟ್ಟಿಯಾಗಿದ್ದರೆ ಅದು ಮುಖ್ಯ ಕಥೆಯ ಜೀವ ಹೀರುತ್ತದೆ ಎಂಬ ಭಯ ಹಲವರಿಗಿದೆ. ಇಲ್ಲಿ ಆದದ್ದು ತದ್ವಿರುದ್ಧ. ಬಭ್ರುವಾಹನನ ಕಾಳಗ ಯಕ್ಷಗಾನದಲ್ಲೂ ಬಾಳಿತು, 1977ರಲ್ಲಿ ರಾಜ್‌ಕುಮಾರ್ ಚಿತ್ರವಾಗಿಯೂ ಬಂತು.

ವ್ಯಾಸಭಾರತದ ವನಪರ್ವದಲ್ಲೂ ಇದೇ ಜಾಣ್ಮೆ ಇದೆ. ಜೂಜಿನಲ್ಲಿ ಸರ್ವಸ್ವವನ್ನೂ ಸೋತು ಕೂತ ಧರ್ಮರಾಯನಿಗೆ ಬೃಹದಶ್ವ ಹೇಳುವುದು ಜೂಜಿನಲ್ಲೇ ಸೋತ ನಳನ ಕಥೆಯನ್ನು. ದ್ರೌಪದಿಯಂಥವಳು ಇನ್ನೊಬ್ಬಳಿದ್ದಾಳೆಯೆ ಎಂದು ಕೇಳಿದಾಗ ಮಾರ್ಕಂಡೇಯ ಹೇಳುವುದು ಸಾವಿತ್ರಿಯ ಕಥೆಯನ್ನು. ಹಾಗಾದರೆ ಕುಮಾರವ್ಯಾಸ ಇಂಥ ಎಷ್ಟೋ ಉಪಾಖ್ಯಾನಗಳನ್ನು ಕೈಬಿಟ್ಟನಲ್ಲ, ಅವನ ಕಾವ್ಯಕ್ಕೆ ಏನು ಕೊರತೆಯಾಯಿತು ಎಂದು ಕೇಳುವವರು ಕೇಳಬಹುದು. ಕೊರತೆಯಾಗಲಿಲ್ಲ. ಯಾಕೆಂದರೆ ಅವನು ಪಕ್ಕದ ಪಾತ್ರಗಳನ್ನು ಕೈಬಿಡಲಿಲ್ಲ. ಕರ್ಣನಿಗೆ, ಉತ್ತರಕುಮಾರನಿಗೆ, ಕೀಚಕನಿಗೆ ಅವನು ಕೊಟ್ಟ ಜಾಗವನ್ನು ನೆನೆದುಕೊಂಡರೆ ಸಾಕು. ಹೊರಗಿನಿಂದ ತಂದ ದೃಷ್ಟಾಂತವನ್ನು ಬಿಟ್ಟು ಕಥೆಯೊಳಗಿನವರಿಂದಲೇ ಆ ಕೆಲಸ ಮಾಡಿಸಿದ. ಉಪಕಥೆ ಬೇಕು ಎನ್ನುವುದೆಂದರೆ ಸಿಕ್ಕಿದ್ದನ್ನೆಲ್ಲ ತುಂಬಬೇಕು ಎಂದಲ್ಲ.

ಹೊಸ ಕಾಲಕ್ಕೆ ಬರೋಣ. ಯು.ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’ 1965ರದು. ಗಾತ್ರದಲ್ಲಿ ಕುವೆಂಪು ಕಾದಂಬರಿಯ ಒಂದು ಮೂಲೆಗೂ ಬಾರದು. ಬ್ರಾಹ್ಮಣರ ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ, ಹೆಣವನ್ನು ಯಾರು ಸುಡಬೇಕು? ಮುಖ್ಯ ಕಥೆ ಇಷ್ಟೇ. ನಾರಣಪ್ಪ ಶಿವಮೊಗ್ಗಕ್ಕೆ ಹೋಗಿ ಬಂದು ಜ್ವರ ಬಿದ್ದು ಸತ್ತವನು. ಆ ಜ್ವರ ಪ್ಲೇಗು ಎಂಬುದು ಅಗ್ರಹಾರಕ್ಕೆ ಹೊಳೆಯುವುದು ತಡವಾಗಿ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಧರ್ಮಶಾಸ್ತ್ರದ ಗ್ರಂಥಗಳನ್ನು ಹುಡುಕುತ್ತಿರುವಾಗ ಇಲಿಗಳು ಬಿದ್ದು ಸಾಯುತ್ತಿರುತ್ತವೆ, ಕೇರಿಯಲ್ಲಿ ಸತ್ತವರ ಗುಡಿಸಲಿಗೆ ಬೆಂಕಿ ಇಡುತ್ತಿರುತ್ತಾರೆ. ಇಲಿಯದೂ ಒಂದು ಉಪಕಥೆಯೇ ಎಂದರೆ ನಗಬೇಡಿ. ಹೆಣ ಸುಡುವುದು ಹೇಗೆಂದು ಬ್ರಾಹ್ಮಣರು ತಲೆ ಕೆಡಿಸಿಕೊಂಡಿರುವಾಗ, ಕೇರಿಯಲ್ಲಿ ಅದೇ ಪ್ರಶ್ನೆಗೆ ಒಂದು ಬೆಂಕಿಕಡ್ಡಿಯಲ್ಲಿ ಉತ್ತರ ಸಿಕ್ಕಿಬಿಡುತ್ತದೆ. ಕೊನೆಗೆ ನಾರಣಪ್ಪನ ಹೆಣಕ್ಕೂ ಗತಿ ಕಾಣಿಸುವುದು ಶಾಸ್ತ್ರವಲ್ಲ. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಮುಸ್ಲಿಂ ವ್ಯಾಪಾರಿ ಅಹ್ಮದ್ ಬ್ಯಾರಿಯನ್ನು ಕರೆತಂದು ರಾತ್ರೋರಾತ್ರಿ ಸುಡಿಸುತ್ತಾಳೆ. ಅದು ಆಚಾರ್ಯರಿಗೆ ಗೊತ್ತೇ ಇಲ್ಲ. ಓದುಗನಿಗೆ ಗೊತ್ತು. ಆಮೇಲೆ ಆಚಾರ್ಯರು ಪಡುವ ಪ್ರತಿಯೊಂದು ಸಂಕಟವನ್ನೂ ನಾವು ಎರಡು ಕಣ್ಣಿನಲ್ಲಿ ನೋಡುತ್ತೇವೆ: ಒಂದರಲ್ಲಿ ಮರುಕ, ಇನ್ನೊಂದರಲ್ಲಿ ಸಣ್ಣ ನಗು. 1970ರ ಚಲನಚಿತ್ರದಲ್ಲಿ ಈ ನಾರಣಪ್ಪನ ಪಾತ್ರ ಮಾಡಿದವರು ಶಿವಮೊಗ್ಗ ಸೀಮೆಯ ಕೊನಗವಳ್ಳಿಯ ಪಿ. ಲಂಕೇಶ್ ಎಂಬುದು ಇಲ್ಲಿ ನೆನೆಯತಕ್ಕದ್ದು.

ಅದೇ ಕಾದಂಬರಿಯ ಪುಟ್ಟನನ್ನು ಹತ್ತಿರದಿಂದ ನೋಡಿದರೆ ಪಾತ್ರವನ್ನು ಉಪಕಥೆ ಹೇಗೆ ಗಟ್ಟಿ ಮಾಡುತ್ತದೆಂಬುದು ತಿಳಿಯುತ್ತದೆ. ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು ಹೊರಟ ದಾರಿಯಲ್ಲಿ ಈ ಮಾಲೇರ ಹುಡುಗ ಗಂಟುಬೀಳುತ್ತಾನೆ. ಒಗಟು ಕೇಳುತ್ತಾನೆ, ಬಾಯಿ ಮುಚ್ಚುವುದಿಲ್ಲ, ಬಿಟ್ಟರೂ ಬಿಡುವುದಿಲ್ಲ. ಮೇಳಿಗೆ ಜಾತ್ರೆಯಲ್ಲಿ ಕಾಫಿ ಅಂಗಡಿ, ಕೋಳಿ ಅಂಕ, ಪದ್ಮಾವತಿಯ ಮನೆ ಎಲ್ಲವನ್ನೂ ತೋರಿಸುತ್ತಾನೆ. ಅವನಿಗೆ ಆಚಾರ್ಯರ ಧರ್ಮಸಂಕಟ ಗೊತ್ತಿಲ್ಲ, ಗೊತ್ತಾದರೂ ಅದು ಅವನಿಗೆ ಬೇಕಾಗಿಲ್ಲ. ಅವನಿಗೆ ಬೇಕಾದದ್ದು ದಾರಿಗೊಂದು ಜೊತೆ. ಇಡೀ ಅಗ್ರಹಾರ ‘ವೇದಾಂತ ಶಿರೋಮಣಿ’ ಎಂದು ತಲೆಬಾಗಿದ ವ್ಯಕ್ತಿ ಪುಟ್ಟನ ಮುಂದೆ ಒಂದು ಸಾದಾ ಸುಳ್ಳು ಹೇಳಲೂ ತಿಣುಕುತ್ತಾನೆ. ಮನುಷ್ಯನೊಬ್ಬ ಹೆಂಡತಿಯ ಮುಂದೆ ಒಂದು ಥರ, ಶಿಷ್ಯರ ಮುಂದೆ ಒಂದು ಥರ, ಅಪರಿಚಿತನ ಮುಂದೆ ಮತ್ತೊಂದು ಥರ. ಮುಖ್ಯ ಕಥೆಯೊಂದನ್ನೇ ಹಿಡಿದು ಹೋದರೆ ನಾಯಕನ ಒಂದೇ ಮುಖ ಕಾಣುತ್ತದೆ. ಮುಖ ಬದಲಾಯಿಸಬೇಕಾದರೆ ಎದುರಿಗೆ ಬೇರೊಬ್ಬ ಬೇಕು. ಆ ಬೇರೊಬ್ಬ ತನ್ನ ಪಾಡಿಗೆ ಬದುಕುತ್ತಿರುವವನಾಗಿರಬೇಕು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ‘ಸಂಸ್ಕಾರ’ದಲ್ಲಿ ಅಗ್ರಹಾರದ ಶ್ರೀಪತಿ ಮತ್ತು ಕೇರಿಯ ಬೆಳ್ಳಿಯ ಸಂಬಂಧ, ಆಚಾರ್ಯರು ಮತ್ತು ಚಂದ್ರಿಯ ಸಂಬಂಧಕ್ಕೆ ಎದುರಿಟ್ಟ ಇನ್ನೊಂದು ಚಿತ್ರ. ಯಾವ ತಲೆಬಿಸಿಯೂ ಇಲ್ಲದೆ ಶ್ರೀಪತಿ ಪಡೆಯುವ ಸುಖವೇ ಆಚಾರ್ಯರಿಗೆ ಲೋಕ ತಲೆಕೆಳಗಾಗುವ ಅನುಭವ. ಹೋಲಿಕೆ ಸೊಗಸಾಗಿ ಕೂತಿದೆ. ಆದರೆ ಬೆಳ್ಳಿಗೆ ಏನು ಬೇಕಿತ್ತು? ತಂದೆತಾಯಿಯನ್ನು ಪ್ಲೇಗಿಗೆ ಕಳೆದುಕೊಂಡವಳ ದಿನ ಹೇಗೆ ಕಳೆಯಿತು? ಮೇಲುಜಾತಿಯ ಗಂಡಸಿನ ಒಳತೋಟಿಗೆ ಬೆಳಕು ಹಿಡಿಯಲೆಂದೇ ಕೆಳಜಾತಿಯ ಹೆಣ್ಣನ್ನು ಕಥೆಯೊಳಗೆ ತಂದಿದ್ದಾರೆ ಎಂದು ಹೇಳುವವರಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಚಂದ್ರಿಯ ಮಟ್ಟಿಗೆ ಆ ಮಾತು ಅರ್ಧ ಸುಳ್ಳು. ಹೆಣ ಸುಡಿಸಿ, ತನ್ನ ದಾರಿ ಹಿಡಿದು ಅವಳು ಹೊರಟುಹೋಗುತ್ತಾಳೆ. ಬೆಳ್ಳಿಯ ಮಟ್ಟಿಗೆ ಮಾತು ನಿಜವೇ. ಆದರೆ ಇದು ಉಪಕಥೆಯೆಂಬ ತಂತ್ರಕ್ಕೆ ಅಂಟಿದ ದೋಷವಲ್ಲ. ಉಪಕಥೆಗೆ ಅದರ ಪಾಲು ಕೊಡದೆ ಹೋದಾಗ ಆಗುವ ದೋಷ. ಅದಕ್ಕೆ ಅದೇ ತೀರ್ಥಹಳ್ಳಿ ತಾಲ್ಲೂಕಿನ ಇನ್ನೊಂದು ಕಾದಂಬರಿ ಸಾಕ್ಷಿ. ಅನಂತಮೂರ್ತಿ ಹುಟ್ಟಿದ ಮೇಳಿಗೆ, ಕುವೆಂಪು ಬೆಳೆದ ಕುಪ್ಪಳಿ ಎರಡೂ ಒಂದೇ ತಾಲ್ಲೂಕು.

‘ಮದುಮಗಳು’ವಿನಲ್ಲಿ ಪ್ರಶ್ನೆ ಏನು? ಹೆಣ್ಣುಗಂಡು ತಮಗೆ ಬೇಕಾದವರನ್ನು ಸೇರುವುದಕ್ಕೆ ಈ ಸಮಾಜದಲ್ಲಿ ಎಡೆ ಇದೆಯೆ? ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ. ಅವಳನ್ನು ಬೇರೊಬ್ಬನಿಗೆ ಗೊತ್ತುಮಾಡಿದ್ದಾರೆ. ಹೂವಳ್ಳಿಯ ಚಿನ್ನಮ್ಮನನ್ನು ಆಗಲೇ ಮದುವೆಯಾಗಿರುವ ಭರಮೈಹೆಗ್ಗಡೆಗೆ ಕೊಡಲು ಹೊರಟಾಗ ಅವಳು ಕೋಣೂರಿನ ಮುಕುಂದಯ್ಯನಿಗಾಗಿ ಮನೆ ಬಿಟ್ಟು ಕಾಡಿಗಿಳಿಯುತ್ತಾಳೆ. ಅವಳಿಗೆ ಆ ಕತ್ತಲೆಯಲ್ಲಿ ದಾರಿ ತೋರಿಸುವವಳು ಘಟ್ಟದ ಕೆಳಗಿನಿಂದ ಬಂದ ಕೂಲಿ ಹೆಂಗಸು ಪೀಂಚಲು; ಅವಳೂ ಅವಳ ಗಂಡ ಐತನೂ ಬಡತನದ ನಡುವೆ ಅದಾಗಲೇ ಆ ಸುಖ ಕಂಡವರು. ಮೇಗರವಳ್ಳಿಯ ಅಂತಕ್ಕನ ಮಗಳು ಕಾವೇರಿಗೆ ಮಾತ್ರ ಆ ಎಡೆ ಸಿಗುವುದಿಲ್ಲ, ಅವಳ ಕಥೆ ಹಿಂಸೆಯಲ್ಲಿ, ಸಾವಿನಲ್ಲಿ ಮುಗಿಯುತ್ತದೆ. ವಿಧವೆ ನಾಗಕ್ಕನದು ಮತ್ತೊಂದೇ ಉತ್ತರ. ಒಡೆಯರ ಮನೆಯ ಹುಡುಗಿಗೆ ಧೈರ್ಯ ಬರುವುದು ಕೂಲಿಯ ಹೆಂಗಸಿನಿಂದ ಎಂಬುದನ್ನು ಒಂದು ಭಾಷಣದಲ್ಲಿ ಹೇಳಿದ್ದರೆ ನಾವು ಚಪ್ಪಾಳೆ ತಟ್ಟಿ ಮರೆತುಬಿಡುತ್ತಿದ್ದೆವು. ಕುವೆಂಪು ಹೇಳುವುದಿಲ್ಲ, ಪೀಂಚಲುವನ್ನು ಮುಂದೆ ನಡೆಸುತ್ತಾರೆ. ಅವಳು ನಡೆಯುವುದು ಚಿನ್ನಮ್ಮನ ಕಥೆಗಾಗಿ ಮಾತ್ರವಲ್ಲ. ಅವಳಿಗೂ ಐತನಿಗೂ ಅವರದೇ ಜಗಳ, ನಗೆ, ಆಸೆಗಳಿವೆ. ಎಷ್ಟೋ ಪುಟಗಳಲ್ಲಿ ಚಿನ್ನಮ್ಮನ ಸುದ್ದಿಯೇ ಇಲ್ಲದೆ ಅವರಿಬ್ಬರೇ ಇರುತ್ತಾರೆ.

ಹುಲಿಯನದಂತೂ ನಾಯಿಯೊಂದಕ್ಕೆ ಕನ್ನಡ ಕಾದಂಬರಿಯಲ್ಲಿ ಸಿಕ್ಕ ಅತಿ ದೊಡ್ಡ ಗೌರವಗಳಲ್ಲೊಂದು. ಗುತ್ತಿಯನ್ನು ಒಡೆಯರು ನಡೆಸಿಕೊಳ್ಳುವ ರೀತಿ, ಗುತ್ತಿ ಹುಲಿಯನನ್ನು ನಡೆಸಿಕೊಳ್ಳುವ ರೀತಿ, ಎರಡನ್ನೂ ಕುವೆಂಪು ಪಕ್ಕಪಕ್ಕದಲ್ಲಿ ಇಟ್ಟಿದ್ದಾರೆ. ಊರಿಗೆ ಗುತ್ತಿ ‘ನಾಯಿಗುತ್ತಿ’, ಅಂದರೆ ನಾಯಿಯಿಂದಲೇ ಗುರುತು ಸಿಗುವವನು. ಕೊನೆಯಲ್ಲಿ ಗುತ್ತಿ, ತಿಮ್ಮಿ ಮಳೆಗಾಲದ ತುಂಗೆಯನ್ನು ದಾಟಿ ಪಾರಾಗುತ್ತಾರೆ. ಹಿಂದೆ ಬಿದ್ದ ಹುಲಿಯ ಪ್ರವಾಹಕ್ಕೆ ಸಿಕ್ಕಿ ಕೊಚ್ಚಿಹೋಗುತ್ತದೆ. ಜೀತದಿಂದ ಬಿಡಿಸಿಕೊಂಡವನ ಬಿಡುಗಡೆಗೆ ತೆತ್ತ ಬೆಲೆ ಅದು. ಆ ಪ್ರಸಂಗವನ್ನು ತೆಗೆದುಹಾಕಿದರೆ ಗುತ್ತಿಯ ಪಲಾಯನ ಒಂದು ಸಾಹಸ ಮಾತ್ರ ಆಗುತ್ತಿತ್ತು. ಆ ಪ್ರಸಂಗ ಇರುವುದರಿಂದ ಅದು ಸಂಭ್ರಮವೂ ಅಲ್ಲದ, ದುಃಖವೂ ಅಲ್ಲದ ಸ್ಥಿತಿಯಲ್ಲಿ ನಮ್ಮನ್ನು ಬಿಡುತ್ತದೆ.

ಇಷ್ಟೊಂದು ಎಳೆ ಇದ್ದರೆ ಮುಖ್ಯ ಕಥೆ ಯಾವುದು, ಅದೇ ಇಲ್ಲದಮೇಲೆ ಉಪಕಥೆ ಎನ್ನುವುದಕ್ಕೇನು ಅರ್ಥ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದು. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲೇ ಹುಟ್ಟುತ್ತವೆ. ತುಂಗೆ ಶಿವಮೊಗ್ಗದ ಮೇಲೆ, ಭದ್ರೆ ಭದ್ರಾವತಿಯ ಮೇಲೆ ಬೇರೆಬೇರೆ ಹರಿದು ಕೂಡಲಿಯಲ್ಲಿ ಒಂದಾಗುತ್ತವೆ. ಅಲ್ಲಿಯವರೆಗೆ ಯಾವುದು ಹೊಳೆ, ಯಾವುದು ಉಪನದಿ ಎಂದು ಹೇಳುವವರು ಯಾರು? ಕಥೆಗಳ ವಿಷಯದಲ್ಲಿ ಕೂಡುವ ಜಾಗಕ್ಕಿಂತ ಹುಟ್ಟುವ ಜಾಗ ಒಂದೇ ಇರುವುದು ಮುಖ್ಯ. ಟಾಲ್‌ಸ್ಟಾಯ್‌ನ ‘ಆನಾ ಕರೆನಿನಾ’ದಲ್ಲಿ ಆನಾಳ ಕಥೆ, ಲೆವಿನ್‌ನ ಕಥೆ ಎರಡೂ ಸಮಸಮವಾಗಿ ಸಾಗುತ್ತವೆ; ಅಷ್ಟು ದೊಡ್ಡ ಪುಸ್ತಕದಲ್ಲಿ ಅವರಿಬ್ಬರು ಮುಖಾಮುಖಿಯಾಗುವುದು ಒಂದೇ ಒಂದು ಸಲ. ಆದರೂ ಮದುವೆ, ನಂಬಿಕೆ, ಬದುಕಿನ ಅರ್ಥ ಎಂಬ ಪ್ರಶ್ನೆಗಳು ಇಬ್ಬರದೂ. ಮೈಸೂರಿನ ರಂಗಾಯಣ 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ‘ಮದುಮಗಳು’ವನ್ನು ರಂಗಕ್ಕೆ ತಂದಾಗ, ಮುಕುಂದಯ್ಯ–ಚಿನ್ನಮ್ಮರ ಪ್ರೇಮವನ್ನಷ್ಟೇ ಇಟ್ಟುಕೊಂಡು ಎರಡೂವರೆ ಗಂಟೆಗೆ ಮುಗಿಸುವ ಸುಲಭದ ಹಾದಿ ಇತ್ತು. ಅವರು ಹಾಗೆ ಮಾಡಲಿಲ್ಲ. ನಾಟಕ ಇಡೀ ರಾತ್ರಿ, ಸುಮಾರು ಒಂಬತ್ತು ಗಂಟೆ ನಡೆಯಿತು. ಜನ ಬೆಳಗಿನವರೆಗೆ ಕೂತು ನೋಡಿದರು. ಉಪಕಥೆಗಳು ಪ್ರೇಕ್ಷಕರ ತಾಳ್ಮೆ ಕೆಡಿಸುತ್ತವೆ ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಡ.

ಕುವೆಂಪು ಈ ಕಡೆ ಒಲಿದದ್ದು ಇದ್ದಕ್ಕಿದ್ದಂತಲ್ಲ. 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿ ಓದಿ ಬಂದ ಹೂವಯ್ಯನ ಆದರ್ಶ, ಸೀತೆಯ ಮೇಲಿನ ಅವನ ಪ್ರೀತಿ ಕಥೆಯ ಬೆನ್ನೆಲುಬು. ಆದರೆ ಶೀರ್ಷಿಕೆ ಸಿಕ್ಕಿದ್ದು ಚಂದ್ರಯ್ಯಗೌಡರ ಮೂರನೆಯ ಹೆಂಡತಿ ಸುಬ್ಬಮ್ಮನಿಗೆ. ಅದಕ್ಕೂ ಮುಂಚೆ ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಬಿದನೂರಿನ ಇತಿಹಾಸಕ್ಕೆ ಕೂರಿಸಿ ‘ರಕ್ತಾಕ್ಷಿ’ ಬರೆದಾಗ, ಒಫೀಲಿಯಾಳ ಜಾಗದಲ್ಲಿ ಬರುವ ರುದ್ರಾಂಬೆಯನ್ನು ಅವರು ಒಫೀಲಿಯಾಳ ಹಾಗೆ ನೀರುಪಾಲಾಗಲು ಬಿಡಲಿಲ್ಲ. ನಾಟಕದ ಹೆಸರೇ ಅವಳ ಕಡೆಗೆ ವಾಲಿತು. ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಊರ್ಮಿಳೆಗೆ, ಮಂಥರೆಗೆ ಸಿಕ್ಕ ಕರುಣೆಯನ್ನು ಎಲ್ಲರೂ ಬಲ್ಲರು. ಅಂಚಿನಲ್ಲಿ ನಿಂತವರನ್ನು ನಡುವಿಗೆ ಕರೆಯುವ ಈ ಚಾಳಿ ಅವರ ಬರವಣಿಗೆಯಲ್ಲಿ ಉದ್ದಕ್ಕೂ ಇದೆ.

ಉಪಕಥೆಯನ್ನು ವಿರೋಧಿಸುವವರ ಕೈಯಲ್ಲಿ ಅರಿಸ್ಟಾಟಲನ ಹೆಸರೂ ಇದೆ. ಬಿಡಿಬಿಡಿ ಪ್ರಸಂಗಗಳನ್ನು ಕಾರಣವಿಲ್ಲದೆ ಒಂದರ ಹಿಂದೆ ಒಂದು ಪೋಣಿಸಿದ ಕಥಾನಕವೇ ಎಲ್ಲಕ್ಕಿಂತ ಕೆಟ್ಟದ್ದು ಎಂದವನು ಅವನು. ಅವನ ಮಾತಿಗೆ ನನ್ನ ತಕರಾರಿಲ್ಲ. ಟಿವಿ ಧಾರಾವಾಹಿಗಳಲ್ಲಿ ನಾಯಕಿಯ ಮದುವೆ ಮುಂದೂಡಲೆಂದೇ ನಾದಿನಿಯ ಗಂಡನಿಗೊಂದು ಕಾಯಿಲೆ ತರಿಸುತ್ತಾರೆ. ಸಂಚಿಕೆಗಳು ತುಂಬಿದಮೇಲೆ ಕಾಯಿಲೆಯೂ ವಾಸಿ. ಸಿನಿಮಾದಲ್ಲಿ ಕಥೆಗೆ ಸಂಬಂಧವೇ ಇಲ್ಲದ ‘ಕಾಮಿಡಿ ಟ್ರ್ಯಾಕ್’ ಅನ್ನು ಬೇರೆಯೇ ಚಿತ್ರೀಕರಿಸಿ ನಡುನಡುವೆ ಸೇರಿಸಿದ ಕಾಲವಿತ್ತು. ಅವುಗಳನ್ನು ಕತ್ತರಿಸಿ ಒಗೆದರೆ ಯಾರಿಗೂ ನಷ್ಟವಿಲ್ಲ, ಬಹುಶಃ ನಟನ ಸಂಭಾವನೆಗೊಂದು ಬಿಟ್ಟು. ಅದೇ ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ನಿಂದ ಗ್ಲಾಸ್ಟರನ ಕಥೆಯನ್ನು ತೆಗೆಯಲು ಹೊರಟು ನೋಡಿ. ಹೆಣ್ಣುಮಕ್ಕಳನ್ನು ತಪ್ಪಾಗಿ ಅಳೆದ ರಾಜನ ಪಕ್ಕದಲ್ಲಿ ಗಂಡುಮಕ್ಕಳನ್ನು ತಪ್ಪಾಗಿ ಅಳೆದ ಇನ್ನೊಬ್ಬ ಮುದುಕ. ಒಬ್ಬನಿಗೆ ಬುದ್ಧಿ ಹೋಗುತ್ತದೆ, ಇನ್ನೊಬ್ಬನಿಗೆ ಕಣ್ಣು. ಆ ಎರಡನೆಯವನು ಇಲ್ಲದಿದ್ದರೆ ಲಿಯರ್‌ನದು ಒಬ್ಬ ಮುಂಗೋಪಿಯ ಮನೆಯ ರಗಳೆ ಎನಿಸಿಬಿಡುತ್ತಿತ್ತು. ಇಬ್ಬರಿಗೂ ಹಾಗೆಯೇ ಆದಾಗ ಅದು ಲೋಕದ ಗತಿಯೆನ್ನಿಸುತ್ತದೆ.

ಸಣ್ಣ ಕಥೆಗೆ, ಆಕಾಶವಾಣಿಯ ಅರ್ಧ ಗಂಟೆಯ ನಾಟಕಕ್ಕೆ ಇಷ್ಟೆಲ್ಲ ಜಾಗವಿಲ್ಲ, ಒಪ್ಪೋಣ. ಅಲ್ಲೂ ಒಂದೇ ಒಂದು ಎಳೆ ಸಾಕಾಗುತ್ತದೆ. ಸಾಗರದ ನಾ. ಡಿಸೋಜ ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ಅಣೆಕಟ್ಟಿನ ಹಿನ್ನೀರು ಏರುತ್ತಿದೆ, ಗುಡ್ಡದ ಮೇಲೆ ಒಂದು ಮನೆ, ಬೆರಳೆಣಿಕೆಯ ಜನ. ಅಲ್ಲಿಗೆ ಕೃಷ್ಣ ಎಂಬ ಹುಡುಗ ಬರುತ್ತಾನೆ. ಅವನು ಬಂದದ್ದರಿಂದ ನೀರು ಒಂದಡಿಯೂ ಇಳಿಯುವುದಿಲ್ಲ. ಆದರೆ ಆ ಮನೆಯ ಗಣಪನಿಗೆ ಹೆಂಡತಿ ನಾಗಿಯ ಮೇಲೆ ಅನುಮಾನ ಹುಟ್ಟುತ್ತದೆ, ಹೊರಗಿನ ಮುಳುಗಡೆಯ ಜೊತೆಗೆ ಮನೆಯೊಳಗೂ ಒಂದು ಮುಳುಗಡೆ ಶುರುವಾಗುತ್ತದೆ. ಕೊನೆಗೆ ನಾಗಿ ಮೈಮುರಿದು ಮನೆ ಉಳಿಸಿದರೂ ಗಂಡ ಅದನ್ನು ದೇವರ ಲೆಕ್ಕಕ್ಕೆ ಬರೆಯುತ್ತಾನೆ. ಕೃಷ್ಣನಿಲ್ಲದಿದ್ದರೆ ಅದು ಅಣೆಕಟ್ಟಿನ ಕುರಿತ ಚಿತ್ರ. ಅವನಿದ್ದುದರಿಂದ ಅದು ನೆಲ ಕಳೆದುಕೊಳ್ಳುವ ಹೆಂಗಸಿನ ಕುರಿತ ಚಿತ್ರವಾಯಿತು.

ಈ ಅಳತೆಗೋಲನ್ನು ಭದ್ರಾವತಿಗೆ ಹಿಡಿಯಬೇಕೆಂದು ನನಗೆ ಬಹಳ ಆಸೆ. 1918ರಲ್ಲಿ ಬುನಾದಿ ಬಿದ್ದು, 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಕಾರ್ಖಾನೆಯ ಊರು ಅದು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಆ ಕಾರ್ಖಾನೆಯ ಕಥೆ ಹೇಳುವಾಗ ನಾವು ಸಾಮಾನ್ಯವಾಗಿ ಹೇಳುವುದು ಒಂದೇ ಎಳೆ: ಕಟ್ಟಿದರು, ಬೆಳೆಯಿತು, ಸೊರಗಿತು, 2023ರ ಜನವರಿಯಲ್ಲಿ ಉಕ್ಕು ಪ್ರಾಧಿಕಾರ ಮುಚ್ಚುವ ತೀರ್ಮಾನ ಹೇಳಿತು, ಕಾರ್ಮಿಕರು ಬೀದಿಗಿಳಿದರು. ಇದು ಪತ್ರಿಕೆಯ ವರದಿಗೆ ಸಾಕು, ಕಾದಂಬರಿಗೆ ಸಾಲದು. ಆ ಕುಲುಮೆಗೆ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲಿಗೆ ಮರ ಬಂದದ್ದು ಗುತ್ತಿ, ಪೀಂಚಲು ನಡೆದಂಥದೇ ಮಲೆನಾಡಿನ ಕಾಡುಗಳಿಂದ. ಮರ ಕಡಿದವನಿಗೂ ಒಂದು ಕಥೆ ಇದೆ. ಕಾಯಂ ನೌಕರನಿಗೆ ಕ್ವಾರ್ಟರ್ಸ್ ಇತ್ತು, ಗುತ್ತಿಗೆ ಕಾರ್ಮಿಕನಿಗೆ ಅದೇ ಗೇಟಿನೊಳಗೆ ಅದೇ ಕೆಲಸ, ಬೇರೆ ಚೀಟಿ. ಪಕ್ಕದಲ್ಲೇ ಕಾಗದ ಕಾರ್ಖಾನೆ ಎಂಪಿಎಂ. ಅಲ್ಲಿನ ಯಂತ್ರ ನಿಂತವರ ಮನೆಗಳಲ್ಲಿ ‘ಇನ್ನು ಮುಂದೇನು’ ಎಂಬ ಪ್ರಶ್ನೆಗೆ ಹುಡುಕಿದ ಉತ್ತರ ಉಕ್ಕಿನವರ ಉತ್ತರದಂತೆಯೇ ಇರಬೇಕಾಗಿಲ್ಲ. ಊರು ಕೈಬಿಟ್ಟಾಗ ಮನುಷ್ಯ ಏನು ಮಾಡುತ್ತಾನೆ ಎಂಬ ಒಂದೇ ಪ್ರಶ್ನೆಯನ್ನು ಇಷ್ಟು ಮನೆಗಳಲ್ಲಿ ಕೇಳಬಹುದು.

ಭದ್ರಾವತಿಯ ಕಾದಂಬರಿಯನ್ನು ಬರೆಯುತ್ತಿರುವವರು, ಬರೆಯಬೇಕೆಂದಿರುವವರು ಯಾರಾದರೂ ಇದ್ದರೆ ಅವರಿಗೊಂದು ಮಾತು. ಪುಟ ಹೆಚ್ಚಾಯಿತು ಎಂದು ಪ್ರಕಾಶಕರು ಮೊದಲು ಕೈಹಾಕುವುದು ಉಪಕಥೆಗೇ. ಕತ್ತರಿಸಲು ಒಪ್ಪುವ ಮುನ್ನ ಆ ಎಳೆಯ ಪ್ರತಿಯೊಬ್ಬ ಪಾತ್ರಕ್ಕೂ ನಾಯಕನನ್ನು ಬಿಟ್ಟು ತನಗೇನು ಬೇಕು ಎಂದು ಕೇಳಿ ನೋಡಿ. ಉತ್ತರ ಬರದಿದ್ದರೆ ನೀವೇ ಕತ್ತರಿಸಿ, ಪ್ರಕಾಶಕರಿಗೆ ಕೆಲಸ ಕೊಡಬೇಡಿ. ಉತ್ತರ ಬಂದರೆ ಹಸ್ತಪ್ರತಿ ವಾಪಸು ತೆಗೆದುಕೊಂಡು ಇನ್ನೊಬ್ಬ ಪ್ರಕಾಶಕರ ಬಾಗಿಲು ತಟ್ಟಿ.